ಮೃದುಲಾ ಬಾಯಿಬಿಟ್ಟು ಕೇಳಿದ್ದು

"ಸಂಬಳದ ಬಗ್ಗೆ ನಿಮ್ಮ ನಿರೀಕ್ಷೆ ಎಷ್ಟದ, ಹೇಳ್ರಿ?"

ಗೋವಾದ ವಾಸ್ಕೋದಲ್ಲಿ, ಫೈನಾನ್ಸ್ ಕಂಪನಿಯೊಂದರ ಒಳಕೋಣೆಯಲ್ಲಿ ಮ್ಯಾನೇಜರ್ ದಿನಕರ ಸರ್ ಮೃದುಲಾಳಿಗೆ ಈ ಪ್ರಶ್ನೆ ಕೇಳಿದರು. ಮನೆಯಿಂದ ಹೊರಡುವಾಗ ಒಂದು ಮೊತ್ತವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಈಗ ಅದು ನಾಲಿಗೆಗೆ ಬರಲೇ ಇಲ್ಲ...

"ನೀವು... ನೀವು ಎಷ್ಟು ಕೊಡ್ತೀರೋ ಅಷ್ಟ್ರೀ, ಸರ್."

ಹೊರಗೆ ಬಂದಾಗ ಬಾಗಿಲ ಬದಿಯ ಕುರ್ಚಿಯಿಂದ ಒಬ್ಬ ಯುವಕ ಎದ್ದು ನಿಂತ. ಎತ್ತರದ ಆಳು. ಇಸ್ತ್ರಿ ಮಾಡಿದ ಅಂಗಿ, ಆದರೆ ಗಡಿಬಿಡಿಯಲ್ಲಿ ಒಂದು ಗುಂಡಿಯನ್ನು ತಪ್ಪಾಗಿ ಹಾಕಿಕೊಂಡಿದ್ದ. ಅವನೂ ಅದೇ ಸಂದರ್ಶನಕ್ಕೆ ಬಂದವನು.

"ತಪ್ಪ ತಿಳೀಬ್ಯಾಡ್ರಿ... ಬಾಗಲಾ ತೆರೆದಿತ್ತು, ಕಿವಿಗೆ ಬಿತ್ತು. ಹಂಗ ಅಂದ್ರ ಅವರು ಕಡಿಮಿನ ಕೊಡ್ತಾರ. ಇನ್ನೊಮ್ಮೆ ಒಳಗ ಹೋಗಿ ಸರಿಯಾಗಿ ಹೇಳಿ ಬರ್ರಿ."

"ನಾ ನಿಮ್ಮನ್ನ ಕೇಳಿದೆನೇನ್ರೀ?"

"ಇಲ್ಲ."

"ಹಂಗಾದ್ರ ನಿಮ್ಮ ಗುಂಡಿ ನೀವು ನೋಡ್ಕೊಳ್ರಿ!"

ಅವನು ತಲೆ ತಗ್ಗಿಸಿ ಅಂಗಿ ನೋಡಿಕೊಂಡ. ಕಿವಿಯ ತನಕ ಕೆಂಪಾದ. ಮೆಟ್ಟಿಲಿಳಿಯುವಾಗ ಮೃದುಲಾ ಎರಡು ಸಲ ಹಿಂದಿರುಗಿ ನೋಡಿದಳು. ಸಿಟ್ಟಿಗೋ, ಬೇರೆ ಯಾವುದಕ್ಕೋ... ಅವಳಿಗೇ ತಿಳಿಯಲಿಲ್ಲ.

ಇಬ್ಬರಿಗೂ ಕೆಲಸ ಸಿಕ್ಕಿತು.

ಅವನ ಹೆಸರು ಮಿಲಿಂದ. ಬೆಳಗಾವಿಯವನು, ವಾಸ್ಕೋದಲ್ಲಿ ರೂಮು ಮಾಡಿಕೊಂಡಿದ್ದ. ಅವಳು ಫೋಂಡಾದಿಂದ ದಿನಾ ಬಸ್ಸಿನಲ್ಲಿ ಬರುವವಳು, ಧಾರವಾಡದಿಂದ ಬಂದು ನೆಲೆಸಿದ ಮನೆಯ ಮಗಳು. ಇಬ್ಬರೂ ರಿಸ್ಕ್ ಅನಲಿಸ್ಟ್. ಹೆಸರು ದೊಡ್ಡದು, ಕೆಲಸವನ್ನು ಸರಳವಾಗಿ ಹೇಳಬಹುದು. ಬಂದರಿನ ಕಡೆ ಲಾರಿ, ಟಿಪ್ಪರ್ ಕೊಳ್ಳಲು ಸಾಲ ಕೇಳಿ ಬಂದವರಲ್ಲಿ ಯಾರಿಗೆ ಕೊಟ್ಟರೆ ಹಣ ತಿರುಗಿ ಬಂದೀತು, ಯಾರಿಗೆ ಕೊಟ್ಟರೆ ಮುಳುಗೀತು ಎಂದು ಮೊದಲೇ ಅಂದಾಜು ಮಾಡುವುದು.

ಮಿಲಿಂದ ಜಾಗಕ್ಕೆ ಹೋಗಿ ಗಾಡಿ ನೋಡಿ ರಿಪೋರ್ಟ್ ಬರೆಯುತ್ತಿದ್ದ. ಮೃದುಲಾ ಅದನ್ನು ಪರೀಕ್ಷಿಸಿ, ತಿದ್ದಿ, ಸಹಿ ಹಾಕುತ್ತಿದ್ದಳು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಸಾಲ ಹೊರಬೀಳುವಂತಿರಲಿಲ್ಲ.

"ಗಾಲಿ ಹತ್ತು ಅಂತ ಬರದೀರಿ. ಫೋಟೋದಾಗ ಆರ ಅದಾವಲ್ಲ?"

"ಉಳದ ನಾಲ್ಕು ನಾಚಿಕೊಂಡು ಹಿಂದ ನಿಂತಾವ್ರಿ, ಮೇಡಂ."

ಅವಳು ದುಪಟ್ಟಾ ಬಾಯಿಗೆ ಹಿಡಿದು ನಗುತ್ತಿದ್ದಳು. ಅವನ ತಪ್ಪುಗಳಿಗಾಗಿ ಕಾಯುವುದು ರೂಢಿಯಾಯಿತು. ಒಂದೂ ತಪ್ಪಿಲ್ಲದ ರಿಪೋರ್ಟ್ ಬಂದ ದಿನ ಏನೋ ಕಳೆದುಕೊಂಡ ಹಾಗೆ ಇರುತ್ತಿದ್ದಳು.

ಅದಕ್ಕೆ ಇಬ್ಬರೂ ಹೆಸರಿಡಲಿಲ್ಲ. ಅವನು ಹೇಳಲಿಲ್ಲ. ಇವಳಂತೂ ಕೇಳುವವಳೇ ಅಲ್ಲ! ಬೇರೆಯವರ ಮನೆಯಲ್ಲಿ ಎರಡನೇ ರೊಟ್ಟಿ ಕೇಳಬಾರದು, ಅಂಗಡಿಯಲ್ಲಿ ಚೌಕಾಶಿ ಮಾಡಬಾರದು ಎಂದು ತಾಯಿ ಸರಸ್ವತಿಬಾಯಿ ಬೆಳೆಸಿದ್ದ ಹುಡುಗಿ. ಕೆಲಸಕ್ಕೆ ಸೇರಿ ಆರು ವರ್ಷವಾದ ಮೇಲೆ ಅದೇ ತಾಯಿ, "ಇಷ್ಟು ವರ್ಷ ದುಡದಿ, ಸಂಬಳ ಹೆಚ್ಚು ಮಾಡ್ರಿ ಅಂತ ಒಮ್ಮೆರ ಕೇಳಬಾರದೇನ?" ಎಂದು ಬೈಯುತ್ತಿದ್ದಳು. ಮೊದಲ ದಿನ ಕಡಿಮೆಗೆ ಒಪ್ಪಿದ್ದರಿಂದ, ಪ್ರತಿ ವರ್ಷದ ಏರಿಕೆಯೂ ಆ ಕಡಿಮೆಯ ಮೇಲೆಯೇ ಏರುತ್ತಿತ್ತು.

ಹೀಗಿರುವಾಗ ಪದ್ಮಶ್ರೀ ಬಂದಳು.

ಹುಬ್ಬಳ್ಳಿಯ ಹುಡುಗಿ. ಗಟ್ಟಿ ನಗು, ಗಟ್ಟಿ ಮಾತು. ಮೃದುಲಾಳಷ್ಟೇ ಅನುಭವ, ಅದೇ ದರ್ಜೆ. ಬಂದ ವಾರವೇ ಊಟಕ್ಕೆ ಎದುರು ಕುಳಿತು ಡಬ್ಬಿ ಬಿಚ್ಚಿದಳು.

"ಮೇಡಂ, ನೀವಿಲ್ಲಿ ಹಳಬರು. ನಿಮ್ಮದು ಹದಿಮೂರು ಲಕ್ಷರ ಇರಬೇಕಲ್ಲ?"

ಮೃದುಲಾಳ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅವಳ ವರ್ಷದ ಸಂಬಳ ಏಳು ಲಕ್ಷ.

"ನಂದು ಹನ್ನೊಂದು ಮಾಡ್ಯಾರ್ರಿ. ನಾ ಎಂಟು ಕೇಳಬೇಕಂತಿದ್ದೆ. ಮಿಲಿಂದ ಸರ್ ನಮ್ಮ ಅಣ್ಣನ ದೋಸ್ತ. ಫೋನ್ ಹಚ್ಚಿ ಕೇಳಿದೆ. 'ಹುಚ್ಚಿ, ಆರೇಳು ವರ್ಷ ಈ ಕೆಲಸಾ ಮಾಡಿದವರಿಗೆ ಈಗ ಹನ್ನೊಂದು ಕೊಡ್ತಾರ, ಎದಿ ಗಟ್ಟಿ ಮಾಡ್ಕೊಂಡು ಕೇಳು' ಅಂದ್ರು! ಕೇಳಿದೆ. ಕೊಟ್ರು!"

ಹುಚ್ಚಿ...!

ಹನ್ನೊಂದು ಲಕ್ಷಕ್ಕಿಂತ ಆ ಒಂದು ಮಾತು ಮೃದುಲಾಳಿಗೆ ಹೆಚ್ಚು ಚುಚ್ಚಿತು. ನನಗೆ ಇಷ್ಟು ವರ್ಷ 'ಮೇಡಂ'. ಇವಳಿಗೆ ಬಂದ ಕೂಡಲೇ 'ಹುಚ್ಚಿ'!

ಮುಂದಿನ ವಾರ ಇನ್ನೊಂದು ಪೆಟ್ಟು ಬಿತ್ತು. ದಿನಕರ ಸರ್ ಎಲ್ಲರೆದುರು ಹೇಳಿದರು:

"ಇನ್ನ ಮ್ಯಾಲೆ ಮಿಲಿಂದನ ರಿಪೋರ್ಟ್ ಪದ್ಮಶ್ರೀ ನೋಡ್ತಾಳ. ಮೃದುಲಾ, ನೀ ಫೋಂಡಾ ಕಡಿ ಫೈಲ್ ನೋಡು."

"ಯಾಕ್ರೀ ಸರ್?" ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

"ಅಂವನ ಕೇಳಿಕೊಂಡಾನವಾ. ಕಾರಣ ಅಂವನ್ನ ಕೇಳು."

ಕೇಳುವುದೇ? ಸತ್ತರೂ ಕೇಳಲಾರೆ!

ಆ ದಿನದಿಂದ ಅವಳ ಕಣ್ಣು ಕಂಪ್ಯೂಟರಿನ ಮೇಲೆ, ಕಿವಿ ಪದ್ಮಶ್ರೀಯ ಮೇಜಿನ ಮೇಲೆ. ಅಲ್ಲಿ ನಗು ಕೇಳಿದರೆ ಇಲ್ಲಿ ಲೆಕ್ಕ ತಪ್ಪುತ್ತಿತ್ತು. ಮಿಲಿಂದನ ನೀಲಿ ಅಂಗಿ, ಪದ್ಮಶ್ರೀಯ ನೀಲಿ ಕುರ್ತಾ ಒಂದೇ ದಿನ ಬಂದದ್ದನ್ನೂ ಮೃದುಲಾ ಗಮನಿಸಿದಳು. ಮನೆಗೆ ಹೋಗಿ ಸಾರಿಗೆ ಉಪ್ಪಿಲ್ಲವೆಂದು ತಾಯಿಯ ಮೇಲೆ ಹರಿಹಾಯ್ದಳು. ಉಪ್ಪು ಸರಿಯಾಗಿಯೇ ಇತ್ತು.

'ಅವನ ತಪ್ಪುಗಳು ನನ್ನವಾಗಿದ್ದವು... ಈಗ ಅವೂ ಅವಳ ಪಾಲಾದವೇ!'

ಆ ಉರಿಯಲ್ಲೇ ಮುಂಬೈಯ ಒಂದು ಕಂಪನಿಗೆ ಅರ್ಜಿ ಹಾಕಿದಳು. ಫೋನಿನಲ್ಲಿ ಸಂದರ್ಶನವಾಯಿತು. ಕೊನೆಗೆ ಅದೇ ಪ್ರಶ್ನೆ ಬಂತು, ನಿರೀಕ್ಷೆ ಎಷ್ಟು? ಮೃದುಲಾಳ ಕಣ್ಣೆದುರು ಪದ್ಮಶ್ರೀಯ ನಗುಮುಖ ಬಂದು ನಿಂತಿತು.

"ಹದಿಮೂರು ಲಕ್ಷ."

ಇಲ್ಲ ಎನ್ನುತ್ತಾರೆಂದೇ ಅಂದುಕೊಂಡಿದ್ದಳು. ಆದರೆ ಅವರು ಒಪ್ಪಿಬಿಟ್ಟರು! ಬರುವುದು ಖಚಿತವೋ ಇಲ್ಲವೋ ಶುಕ್ರವಾರ ಸಂಜೆಯೊಳಗೆ ತಿಳಿಸಬೇಕು ಎಂದರು.

ಶುಕ್ರವಾರ ಅವಳು ಅರ್ಧ ದಿನ ರಜೆ ಹಾಕಿ ಫೋಂಡಾ ಬಸ್ಸು ಹತ್ತಿದಳು. ತಾಯಿಗೆ ಹೇಳಿ, ಮುಂಬೈಗೆ ಹೂಂ ಎಂದುಬಿಡುವುದೆಂದು ನಿರ್ಧಾರವಾಗಿತ್ತು. ಗೋವಾವನ್ನೂ ಬಿಡುವುದು, ಅವನನ್ನೂ ಮರೆಯುವುದು!

ದಾರಿಯಲ್ಲಿ, ಸೇತುವೆಯ ಬಳಿಯ ಕೊರ್ತಾಲಿಮ್‌ನಲ್ಲಿ ಬಸ್ಸು ನಿಂತಿತು. ಕಿಟಕಿಯಾಚೆ, ಸಾಲು ಟಿಪ್ಪರ್‌ಗಳ ಪಕ್ಕದ ಚಹಾ ಅಂಗಡಿಯಲ್ಲಿ ಮಿಲಿಂದ ನಿಂತಿದ್ದ. ಎದುರಿಗೆ ಪದ್ಮಶ್ರೀ, ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಅವಳ ಕೈಯಲ್ಲಿ ಅವನ ಹೆಲ್ಮೆಟ್!

ಅವನ ಬೈಕಿನ ಮೇಲೆ ಬಂದಳೇ...?

ಬಸ್ಸು ಹೊರಟೇಬಿಟ್ಟಿತ್ತು. "ರಾವ್! ರಾವ್!" ಎಂದು ಕೊಂಕಣಿಯಲ್ಲಿ ಕೂಗಿ ಬಸ್ಸು ನಿಲ್ಲಿಸಿ, ಮೃದುಲಾ ಇಳಿದೇಬಿಟ್ಟಳು. ಇಳಿದು ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ.

"ಅಯ್ಯ, ಮೇಡಂ! ನೀವಿಲ್ಲಿ?" ಪದ್ಮಶ್ರೀಯೇ ಮೊದಲು ಅವಳನ್ನು ಕಂಡಳು. "ಬರ್ರಿ, ಚಹಾ ಕುಡೀರಿ. ಇವರು ಅಲ್ಲಾಬಕ್ಷ ಕಾಕಾ, ವಿಜಯಪುರದವರು. ಎರಡು ಟಿಪ್ಪರ್‌ಗೆ ಸಾಲ ಕೇಳ್ಯಾರ, ಸಹಿ ಹಾಕೂ ಮೊದಲ ನಾನೂ ಗಾಡಿ ನೋಡಾಕ ಬಂದೇನಿ."

"ಬರ್ರಿ ಅವ್ವಾರ," ಎಂದು ಅಲ್ಲಾಬಕ್ಷ ಸ್ಟೂಲು ಒರೆಸಿದ.

"ನಾ ಮುಂಬೈಗೆ ಹೊಂಟೇನಿ," ಎಂದಳು ಮೃದುಲಾ. ಯಾರೂ ಕೇಳಿರಲಿಲ್ಲ. "ಹದಿಮೂರು ಲಕ್ಷ ಕೊಡ್ತಾರ!"

ಮಿಲಿಂದ ಚಹಾದ ಗ್ಲಾಸನ್ನು ಕಟ್ಟೆಯ ಮೇಲಿಟ್ಟ.

"ಯಾವಾಗ?"

"ಇವತ್ತು ಸಂಜೀಕ ಹೂಂ ಅಂದ್ರ, ಬರೂ ತಿಂಗಳು."

ಪದ್ಮಶ್ರೀ ಅವನ ಮುಖ ನೋಡಿದಳು, ಇವಳ ಮುಖ ನೋಡಿದಳು.

"ಕಾಕಾ, ಆ ಹಿಂದಿನ ಟಿಪ್ಪರ್ ಇಂಜಿನ್ ನಂಬರ್ ತೋರಸ್ರಿ, ನಡೀರಿ."

"ಈಗರ ನೋಡಿದ್ಯಲ್ಲವಾ!"

"ಇನ್ನೊಮ್ಮೆ ನೋಡ್ತೀನಿ. ಏಳ್ರಿ ನೀವು!"

ಅವರು ಹೋದರು. ಸೇತುವೆಯ ಮೇಲಿಂದ ಗಾಡಿಗಳ ಸದ್ದು ಬರುತ್ತಿತ್ತು.

"ಚಲೋ ಆತು," ಎಂದ ಮಿಲಿಂದ, ನೆಲ ನೋಡುತ್ತ. "ಹದಿಮೂರು ಅಂತ ನೀವಾ ಕೇಳಿದ್ರಿ?"

"ಯಾಕ, ನಾ ಕೇಳಬಾರದೇನು? ಪದ್ಮಶ್ರೀಗೆ ಅಷ್ಟು ಚಂದ ಹೇಳಿಕೊಟ್ಟಿರಿ. ನಾ ಇಷ್ಟು ವರ್ಷ ಏಳರಾಗ ಕುಂತೇನಿ, ನಿಮಗ ಗೊತ್ತಿರಲಿಲ್ಲೇನು?"

"ಏಳು?!" ಅವನು ಬೆಚ್ಚಿಬಿದ್ದ. "ಖರೇನ ಗೊತ್ತಿರಲಿಲ್ರಿ. ಆಕಿ ಕೇಳಿದ್ಲು, ಹೇಳಿದೆ. ನಿಮಗ ಕೇಳದ ಹೇಳಾಕ ಹೋಗಿ ಒಮ್ಮೆ ಬೈಸಿಕೊಂಡೇನಿ."

ಅವಳು ತುಟಿ ಕಚ್ಚಿಕೊಂಡಳು. ಕಣ್ಣು ತುಂಬಿ ಬಂತು. ಇನ್ನು ತಡೆಯಲಾಗಲಿಲ್ಲ.

"ಅದು ಹೋಗ್ಲಿ! ನಿಮ್ಮ ರಿಪೋರ್ಟ್ ನನ್ನ ಕೈಯಿಂದ ಯಾಕ ಕಸ್ಕೊಂಡ್ರಿ? ನಾ ಏನು ತಪ್ಪು ಮಾಡಿದ್ದೆ? ಕೊಡೂದಾದ್ರ ಆಕಿಗೇ ಕೊಡಬೇಕಾಗಿತ್ತೇನು?"

ಮಿಲಿಂದ ತಲೆ ಎತ್ತಿದ.

"ಮೃದುಲಾ," ಎಂದ. ಮೊದಲ ಸಲ ಮೇಡಂ ಎನ್ನದೆ. "ನಮ್ಮ ಕೆಲಸದಾಗ ಯಾರ ಫೈಲ್ ಯಾರು ನೋಡಬಾರದು?"

"ಇದೇನು, ಪರೀಕ್ಷಾ?"

"ಹೇಳ್ರಿ."

"ತಮ್ಮವರದು ತಾವು ನೋಡಬಾರದು. ಅಣ್ಣ, ತಮ್ಮ, ಬೀಗರು... ಗಂಡ, ಹೆಂಡ್ತಿ..."

ಮಾತು ಅಲ್ಲೇ ನಿಂತಿತು.

ಅವಳಿಗೆ ಈ ನಿಯಮ ಹೊಸದಲ್ಲ. ಹೋದ ವರ್ಷ ಸೋದರಮಾವ ಲಾರಿಗೆ ಸಾಲ ಕೇಳಿದಾಗ ಆ ಫೈಲನ್ನು ತಾನಾಗಿಯೇ ಬೇರೆಯವರ ಕೈಗೆ ಕೊಟ್ಟವಳು. ಸಾಲಗಾರರ ಮನಸ್ಸನ್ನು ದೂರದಿಂದಲೇ ಓದುವವಳು. ಹೊಟ್ಟೆಕಿಚ್ಚಿನಲ್ಲಿ ತನ್ನ ಕಸುಬಿನ ಮೊದಲ ಪಾಠವನ್ನೇ ಮರೆತಿದ್ದಳು!

"ಆಕಿ ನನ್ನಾಕಿ ಆಗಿದ್ರ ನನ್ನ ಫೈಲ್ ಆಕಿ ಕೈಗೆ ಹೆಂಗ ಹೋಗ್ತಿತ್ತು, ನೀವಾ ಹೇಳ್ರಿ? ಯಾರ ಕೈಗೆ ಹೋತು ಅಂತ ನೋಡಾಕತ್ತೀರಿ. ಯಾರ ಕೈಯಿಂದ ತೆಗಸಿದೆ... ಅದನ್ನ ನೋಡ್ರಿ."

ಅವಳ ಕಿವಿಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.

"ಮನಸ್ಸಿನಾಗ ನಿಮ್ಮನ್ನ ಇಟ್ಕೊಂಡು, ನಿಮ್ಮ ಕಡಿಂದನ ಸಹಿ ಹಾಕಿಸಿಕೊಳ್ಳೂದು ಸರಿ ಅನಿಸಲಿಲ್ಲ. ನಾಳೆ ಯಾವದರ ಸಾಲ ಮುಳುಗಿದ್ರ, 'ಇಬ್ಬರೂ ಕೂಡಿ ಮಾಡ್ಯಾರ' ಅಂತ ನಿಮ್ಮ ಹೆಸರಿಗೆ ಬರ್ತದ. ಅದಕ್ಕ ದಿನಕರ ಸರ್‌ಗೆ ಇದ್ದದ್ದು ಇದ್ದಂಗ ಹೇಳಿದೆ."

"ಸರ್‌ಗೆ ಹೇಳಿದ್ರಿ?"

"ಹೇಳಬೇಕಾತು."

"ಪದ್ಮಶ್ರೀಗೆ?"

"ಫೈಲ್ ಯಾಕ ಬಂತು ಅಂತ ಆಕಿ ಬೆನ್ನ ಹತ್ತಿದ್ಲು... ಆಕಿಗೂ."

"ಅಂದ್ರ ಆಕಿಗೆ ನನಗಿಂತ ಮೊದಲ ಗೊತ್ತು!" ಮೃದುಲಾ ಕಣ್ಣೊರೆಸಿಕೊಂಡು ಸಿಡಿದಳು. "ಆಫೀಸಿಗೆಲ್ಲ ಹೇಳಿದ್ರಿ, ನನಗೊಬ್ಬಾಕಿಗೆ ಹೇಳಲಿಲ್ಲ!"

"ನಿಮಗ ಹೇಳಾಕ ಹೆದರಿಕಿ ಆತ್ರಿ... ನೀವು ಇಲ್ಲ ಅಂದ್ರ ಆ ಆಫೀಸಿನಾಗ ನಾ ಹೆಂಗ ಕೂಡ್ಲಿ?"

ಆ ಎತ್ತರದ ಮನುಷ್ಯ ಶಾಲೆಯ ಹುಡುಗನಂತೆ ನಿಂತಿದ್ದ. ಅವಳಿಗೆ ಅಳುವೂ ಬಂತು, ನಗುವೂ ಬಂತು.

"ಮುಂಬೈಗೆ ಹೋಗಬ್ಯಾಡ ಅಂತ ಹೇಳಂಗಿಲ್ಲೇನು?"

"ಇಲ್ಲ. ಹದಿಮೂರು ನಿಮ್ಮ ದುಡಿಮಿದು. ಅದನ್ನ ಬಿಡ್ರಿ ಅನ್ನಾಕ ನಾ ಯಾರು? ನೀವು ಹೋದ್ರ, ರಜಾ ಸಿಕ್ಕಾಗೊಮ್ಮೆ ನಾ ರೈಲು ಹತ್ತತೇನಿ. ಅಷ್ಟ."

ಅವಳು ಫೋನಿನಲ್ಲಿ ಗಂಟೆ ನೋಡಿದಳು.

"ಆಫೀಸಿಗೆ ಬಿಡ್ರಿ ನನ್ನ. ಮೊದಲ ಇಲ್ಲಿ ಸಂಬಳ ಹೆಚ್ಚು ಮಾಡ್ರಿ ಅಂತ ಕೇಳ್ತೀನಿ."

ಪದ್ಮಶ್ರೀ ಟಿಪ್ಪರ್ ಹಿಂದಿನಿಂದ ಓಡಿ ಬಂದು ಹೆಲ್ಮೆಟನ್ನು ಮೃದುಲಾಳ ಕೈಗಿಟ್ಟಳು. "ಅವರು ಚಹಾ ಕುಡೀವಾಗ ಇದನ್ನ ಹಿಡಕೊಂಡಿದ್ದೆ, ಅಷ್ಟ; ನಾ ಬಸ್ಸಿಗೇ ಬಂದಾಕಿ, ಬಸ್ಸಿಗೇ ಹೋಗ್ತೀನ್ರಿ. ಹಂಗ ನೋಡಬ್ಯಾಡ್ರಿ ಮತ್ತ!"

ಆಫೀಸಿನಲ್ಲಿ ಅವಳ ಮಾತು ಕೇಳಿ ದಿನಕರ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟು ವರ್ಷದಾಗ ನೀ ಒಮ್ಮೆನೂ ಬಾಯಿ ಬಿಡಲಿಲ್ಲವಾ."

"ಇವತ್ತ ಬಿಡಾಕತ್ತೇನ್ರಿ. ಮುಂಬೈಯವರು ಹದಿಮೂರು ಅಂದಾರ."

"ಹನ್ನೊಂದು ಮಾಡೂಣು. ಪದ್ಮಶ್ರೀದಷ್ಟ."

"ಆಕಿದಷ್ಟ ಅಂದ್ರ ನಾ ಹೋಗಾಕಿನ!"

ಬೇರೆ ಯಾವ ಲೆಕ್ಕ ಹೇಳಿದ್ದರೂ ಅವಳು ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಳೋ ಇಲ್ಲವೋ. ದಿನಕರ ಸರ್ ನಗು ನುಂಗಿಕೊಂಡು ಮುಖ್ಯ ಕಚೇರಿಗೆ ಫೋನು ಹಚ್ಚಿದರು. ಅರ್ಧ ಗಂಟೆ ವಾದ ನಡೆಯಿತು.

"ಹನ್ನೆರಡು. ಅದರ ಮ್ಯಾಲೆ ನನ್ನ ಕೈಯಾಗಿಲ್ಲ."

"ಆತ್ರಿ," ಎಂದಳು ಮೃದುಲಾ. ಹೊರಗೆ ಬಂದು ಮುಂಬೈಗೆ ಫೋನು ಮಾಡಿ, ತನಗೆ ಬರಲಾಗುವುದಿಲ್ಲ ಎಂದು ಮರ್ಯಾದೆಯಿಂದ ತಿಳಿಸಿದಳು. ಬಿಟ್ಟ ಆ ಒಂದು ಲಕ್ಷದ ಬಗ್ಗೆ ಅವಳಿಗೆ ಆವತ್ತೂ ಬೇಸರವಾಗಲಿಲ್ಲ, ಮುಂದೆಯೂ ಆಗಲಿಲ್ಲ.

ಮಿಲಿಂದ ಮೆಟ್ಟಿಲ ಕೆಳಗೆ ಕಾಯುತ್ತಿದ್ದ. ಇಬ್ಬರೂ ಬಸ್ ನಿಲ್ದಾಣದ ತನಕ ನಡೆದರು.

"ಇನ್ನೊಂದು ಕೇಳಲೇನು?" ಎಂದಳು.

"ಕೇಳ್ರಿ."

"ಐತವಾರ ನಮ್ಮ ಮನಿಗೆ ಬರ್ತೀರೇನು? ಅವ್ವನ ಮುಂದ ಮದುವಿ ಮಾತು ತಗೀತೀನಿ. ನೀವು ಬಾಜೂಕ ಕೂಡ್ರಿ, ಸಾಕು."

ಅವನು ತಲೆಯಾಡಿಸಿ, ಹೆದರುತ್ತಲೇ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಬಸ್ಸು ಬರುವುದು ಇನ್ನೂ ತಡವಿತ್ತು.

"ಖರೇ ಹೇಳ್ರಿ... ಪದ್ಮಶ್ರೀ ಭಾಳ ಚಂದ ಅದಾಳ, ಅಲ್ಲ?"

"ಅದಾಳ."

ಅವಳು ಸಟಕ್ಕನೆ ಕೈ ಬಿಡಿಸಿಕೊಂಡಳು.

"ಸುಳ್ಳು ಹೇಳಬೇಕಿತ್ತೇನು?"

"ಹೂಂ. ಇದೊಂದರಾಗ ಹೇಳ್ರಿ!"

"ಹಂಗಾದ್ರ ಆಕಿ ಮಾರಿ ನಾ ಇನ್ನಾ ನೋಡೇ ಇಲ್ಲ."

ಮೃದುಲಾ ನಕ್ಕಳು. ನಗುತ್ತಲೇ ಅವನ ಕೈಯನ್ನು ತಾನೇ ಹುಡುಕಿ ಹಿಡಿದಳು.