ತಲೆಯಿಲ್ಲದ ಮಿಂಚುಳ್ಳಿ

ಬಾವಿ ಸಿಂಗಾರದ ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಥಾರ್ನ್‌ಲೋ ಊರಿನ ಮಿಂಚುಳ್ಳಿಗೆ ತಲೆಯೇ ಇರಲಿಲ್ಲ.

ರೆಕ್ಕೆ ಇತ್ತು, ಬಾಲ ಇತ್ತು, ಚೆಂಡುಹೂವಿನ ಎಸಳಿನ ಕಿತ್ತಳೆ ಹೊಟ್ಟೆ ಇತ್ತು. ಕುತ್ತಿಗೆಯ ಮೇಲೆ ಮಾತ್ರ ಅಂಗೈಯಗಲದ ಕುಳಿ, ಒಳಗೆ ಬರೀ ಜೇಡಿಮಣ್ಣು. ಬಾವಿಯ ಹಿಂದೆ ನಿಲ್ಲಿಸಿದ್ದ ಆ ಆಳೆತ್ತರದ ಹಲಗೆಗೆ ಒದ್ದೆ ಮಣ್ಣು ಮೆತ್ತಿ, ಒಂದೊಂದೇ ಎಸಳು ಒತ್ತಿ ಒತ್ತಿ, ವರ್ಷಕ್ಕೊಮ್ಮೆ ಬರುವ ಬಾವಿ ಹಬ್ಬಕ್ಕೆಂದು ಊರಿಗೆ ಊರೇ ವಾರವಿಡೀ ಬೆನ್ನು ಮುರಿದುಕೊಂಡು ಮಾಡಿದ ಚಿತ್ರ ಅದು. ಮಧ್ಯಾಹ್ನ ಪಾದ್ರಿ ಬಂದು ಬಾವಿಯನ್ನು ಹರಸಬೇಕು, ಬ್ಯಾಂಡಿನವರು ಊದಬೇಕು, ಬರ್ಮಿಂಗ್‌ಹ್ಯಾಮಿನಿಂದ, ಲೀಡ್ಸಿನಿಂದ ಎರಡು ರಾತ್ರಿಯ ರಜೆಗೆಂದು ಬಂದವರು ಬಾಯಿ ಬಿಟ್ಟುಕೊಂಡು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗುಡ್ಡದಾಚೆಯ ಬ್ರೆಕ್‌ಡೇಲಿನವರು ಬಂದು ಹೊಟ್ಟೆ ಉರಿಸಿಕೊಂಡು ಹೋಗಬೇಕು.

ಸೇರಿದ್ದ ಜನ ಮೊದಲು ಕುಳಿಯನ್ನು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಟ್ಯಾನ್ಸಿ ಬ್ಯಾಗ್‌ಶಾಳ ಕಡೆ ತಿರುಗಿದರು.

ತಿರುಗದೆ ಇನ್ನೇನು? ಬಾವಿಯ ಪಕ್ಕದ 'ಬಿಳಿ ಜಿಂಕೆ' ವಸತಿಗೃಹವನ್ನು ನಡೆಸುವ ಟ್ಯಾನ್ಸಿ ಈ ಕಣಿವೆಯಲ್ಲೇ ಹೆಸರಾದ ಕಿಡಿಗೇಡಿ. ಮೂರು ವರ್ಷದ ಹಿಂದೆ ಇದೇ ಹಲಗೆಯ ಮೇಲಿದ್ದ ಸಂತನಿಗೆ ಅವಳು ಪಾಚಿಯಲ್ಲಿ ಹುರಿಮೀಸೆ ಅಂಟಿಸಿದ್ದಳು, ಅದು ಪೇಪರಿನಲ್ಲೂ ಬಂದಿತ್ತು. ಅಂದಿನಿಂದ ಅವಳಿಗೆ ಬುಟ್ಟಿಯ ಹೂ ಬಿಡಿಸುವ ಕೆಲಸ ಮಾತ್ರ. ಹಲಗೆಯ ಮೇಲೆ ಒಂದೇ ಒಂದು ಎಸಳು ಒತ್ತಲೂ ಬಿಟ್ಟಿರಲಿಲ್ಲ. ಅವಳ ಅಜ್ಜಿ, ಅಮ್ಮ ಇಬ್ಬರೂ ಕೂತಿದ್ದ ಜಾಗ ಅದು. ಈ ಸಲ ಬಾಲ ಬಿಚ್ಚದೆ ಇದ್ದರೆ ಮುಂದಿನ ವರ್ಷ ಕೂರಿಸುತ್ತೇವೆ ಎಂದು ಸಿಂಗಾರದ ಸಮಿತಿ ಮಾತು ಕೊಟ್ಟಿತ್ತು. ವಾರವಿಡೀ ಟ್ಯಾನ್ಸಿ ದೇವತೆಯ ಹಾಗೆ ಇದ್ದಳು. ಅದೇ ಈಗ ಎಲ್ಲರಿಗೂ ಅನುಮಾನಕ್ಕೆ ಕಾರಣವಾಗಿತ್ತು.

"ಕಳ್ಳಿ," ಎಂದರು ಸಮಿತಿಯ ಅಧ್ಯಕ್ಷೆ ಎನಿಡ್ ಹೀತ್‌ಕೋಟ್, ಬೆರಳನ್ನು ನೇರವಾಗಿ ಚಾಚಿ.

"ಅಯ್ಯೋ, ನಾನು ಬರ್ಮಿಂಗ್‌ಹ್ಯಾಮಿನವಳು ಕಣ್ರೀ," ಎಂದಳು ಬೆರಳಿನ ತುದಿಯಲ್ಲಿ ನಿಂತಿದ್ದ ಲೊರೇನ್. ನಿನ್ನೆಯಷ್ಟೇ ಗಂಡನ ಜೊತೆ ರಜೆಗೆ ಬಂದು ಟ್ಯಾನ್ಸಿಯ ಮಹಡಿಯ ಕೋಣೆ ಹಿಡಿದವಳು.

ಎನಿಡ್ ಅವರ ಪಕ್ಕದಲ್ಲಿದ್ದ ಅಂಬ್ರೋಸ್ ಫ್ರಾಗಟ್ ಮೆತ್ತಗೆ ಅವರ ಮೊಣಕೈ ಹಿಡಿದು ಬೆರಳನ್ನು ಟ್ಯಾನ್ಸಿಯ ಕಡೆ ತಿರುಗಿಸಿದರು. ನಲವತ್ತು ವರ್ಷಗಳಿಂದ ಈ ಇಬ್ಬರೂ ಅಕ್ಕಪಕ್ಕ ಕೂತು ಹಲಗೆ ಮಾಡಿದವರು. ಮಿಂಚುಳ್ಳಿಯ ತಲೆ ಅಂಬ್ರೋಸರ ಕೈಕೆಲಸ. ಕಣ್ಣಿಗೆ ಕಾಫಿ ಬೀಜ ಇಡುವುದು ಅಧ್ಯಕ್ಷೆಯ ಹಕ್ಕು. ನಿನ್ನೆ ಮುಸ್ಸಂಜೆಯಲ್ಲಿ ಎನಿಡ್ ಬೀಜದ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಬಾಗಿ, ಆ ಕಣ್ಣಿಟ್ಟಾಗ ಊರೆಲ್ಲ ಚಪ್ಪಾಳೆ ತಟ್ಟಿತ್ತು.

"ನೋಡಿ ಎನಿಡ್ ಅವ್ರೇ," ಎಂದಳು ಟ್ಯಾನ್ಸಿ, ಸೊಂಟಕ್ಕೆ ಕೈ ಕೊಟ್ಟು. "ಟ್ಯಾನ್ಸಿ ಕೈ ಇಟ್ರೆ ಊರು ನಗಬೇಕು. ಯಾರಾದ್ರೂ ಅತ್ರೆ, ಆ ಕೈ ಟ್ಯಾನ್ಸೀದಲ್ಲ."

"ಸಿನಿಮಾ ಸಾಕು. ಇದೇನು?" ಎನಿಡ್ ಒಂದು ಡಬ್ಬಿ ಎತ್ತಿ ಹಿಡಿದರು. ಒಳಗೆ ಮಿಂಚುಳ್ಳಿಯ ತಲೆಯ ನೀಲಿ ಎಸಳು. "ನಿನ್ನ ತಂಪು ಕೋಣೇಲಿ ಸಿಕ್ತು."

"ವಾರದಿಂದ ಊರಿನ ಹೂವೆಲ್ಲ ನನ್ನ ತಂಪು ಕೋಣೇಲೇ ಇದೆ. ಬಾಗಿಲಿಗೆ ಬೀಗ ಇಲ್ಲ. ನಿಮ್ಮ ಬೆಕ್ಕೂ ಒಳಗೆ ಹೋಗಿ ಬರುತ್ತೆ."

"ನನ್ನ ಬೆಕ್ಕು ಸಂತನಿಗೆ ಮೀಸೆ ಅಂಟಿಸ್ಲಿಲ್ಲ." ಎನಿಡ್ ಒಂದು ಕೈಯಲ್ಲಿ ಕೋಟಿನ ಕೊರಳು ಹಿಡಿದುಕೊಂಡಿದ್ದರು. ಮೇಲಿನ ಗುಂಡಿ ಕಳೆದು, ಅಲ್ಲಿ ಪಿನ್ನು ಸಿಕ್ಕಿಸಿತ್ತು. "ಪಾದ್ರಿ ಬರೋಕೆ ಮುಂಚೆ ಪಟ್ಟಿಯಿಂದ ನಿನ್ನ ಹೆಸರು ಹೊಡೆದು ಹಾಕ್ತೀನಿ. ಹಲಗೆ ಬಿಡು, ಇನ್ಮೇಲೆ ಹೂವಿನ ಬುಟ್ಟೀನೂ ನೀನು ಮುಟ್ಟೋ ಹಾಗಿಲ್ಲ."

ಟ್ಯಾನ್ಸಿ ಸೋಲನ್ನು ತೋರಿಸಬಾರದು ಎಂದು ಗಲ್ಲ ಎತ್ತಿ, ಹೀರೋ ಹಾಗೆ ನಿಧಾನವಾಗಿ ನಡೆದು, ವಸತಿಗೃಹದ ಊಟದ ಕೋಣೆಗೆ ಹೋದಳು. ಒಳಗೆ ಹೋದ ಮೇಲೆ ಓಡಿದಳು.

ಕಿಟಕಿಯ ಪಕ್ಕ ಮಿಸ್ ಹಿಲ್ಡಾ ಕ್ರಾಸ್‌ಲೀ ಟೋಸ್ಟಿಗೆ ಮಾರ್ಮಲೇಡ್ ಸವರುತ್ತಿದ್ದರು. ಸ್ಟಾಕ್‌ಪೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಸುಳ್ಳು ನಷ್ಟ, ನಿಜವಾದ ನಷ್ಟ ಎಂದು ಜೀವಮಾನವೆಲ್ಲ ಬೇರ್ಪಡಿಸಿ ನಿವೃತ್ತರಾದವರು. ಒಂಬತ್ತು ವರ್ಷದ ಹಿಂದೆ ಎರಡು ರಾತ್ರಿ ಇದ್ದು ಹೋಗುತ್ತೇನೆಂದು ಬಂದರು. ಇನ್ನೂ ಹೋಗಿಲ್ಲ. ಪ್ರತಿ ಶುಕ್ರವಾರ "ಭಾನುವಾರ ಹೊರಡ್ತೀನಿ" ಅನ್ನುತ್ತಾರೆ. ಅಷ್ಟರಲ್ಲಿ ಊರಲ್ಲಿ ಏನೋ ಒಂದು ಕಳೆಯುತ್ತದೆ, ಅವರು ಹುಡುಕಿ ಕೊಡುತ್ತಾರೆ, ಭಾನುವಾರ ದಾಟುತ್ತದೆ. ಪ್ರತಿ ಸಲವೂ ಬಾಲದ ಹಾಗೆ ಹಿಂದೆ ಹೋಗುವವಳು ಟ್ಯಾನ್ಸಿ.

"ಮಿಸ್, ನನ್ನ ಕತೆ ಮುಗೀತು. ಇಂಟರ್ವಲ್ಲೂ ಇಲ್ಲ, ನೇರ ಶುಭಂ."

"ನೀನು ಮಾಡಿದ್ಯಾ, ಬಾತು?" ಎಂದರು ಮಿಸ್ ಕ್ರಾಸ್‌ಲೀ. ಈ ಸೀಮೆಯಲ್ಲಿ ಪ್ರೀತಿಯಿಂದ ಕರೆಯುವುದೇ ಹಾಗೆ. ಮುದ್ದಾದವರೆಲ್ಲ ಬಾತುಕೋಳಿಗಳು. ಪಾದ್ರಿಯೂ ಬಾತು.

"ಇಲ್ಲ."

"ಸರಿ ಹಾಗಾದ್ರೆ." ಅವರು ಟೋಸ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದರು.

ಹಲಗೆಯ ಮುಂದೆ ಅವರು ಬಹಳ ಹೊತ್ತು ನಿಂತರು. ಕುಳಿಯ ಅಂಚನ್ನು ಬೆರಳಲ್ಲಿ ಮುಟ್ಟಿದರು. "ಒದ್ದೆ ಇದೆ. ಬಿಸಿಲು ಬಿದ್ದು ಇಷ್ಟು ಹೊತ್ತಾದ್ರೂ ಒಣಗಿಲ್ಲವಲ್ಲ?"

"ಅದರ ಮೇಲೆ ಒದ್ದೆ ಗೋಣಿಬಟ್ಟೆ ಇತ್ತು," ಎಂದರು ಎನಿಡ್. "ನಾನೇ ಕಿತ್ತು ಬಿಸಾಕಿದೆ. ಮುಚ್ಚಿಟ್ಟು ತಮಾಷೆ ಮಾಡೋಕೆ ಹಾಕಿದ್ಲು ಅಂತ ಕಾಣುತ್ತೆ."

"ಪಾಪದ ಹಕ್ಕಿ," ಎಂದು ಲೊರೇನ್ ನಿಟ್ಟುಸಿರು ಬಿಟ್ಟಳು. "ನಿನ್ನೆ ರಾತ್ರಿ ನಮ್ಮ ಟಾರ್ಚ್ ಬೆಳಕಿಗೆ ಕಣ್ಣು ಹೇಗೆ ಫಳ್ ಅಂತು ಗೊತ್ತಾ? ಕಣ್ಣು ಹೊಡೀತು ಅಂತಾನೇ ಅನ್ಕೊಂಡೆ. ನಮ್ಮೆಜಮಾನ್ರು ನನಗೆ ಕಣ್ಣು ಹೊಡೆದು ಹದಿನೈದು ವರ್ಷ ಆಯ್ತು."

ಮಿಸ್ ಕ್ರಾಸ್‌ಲೀ ತಲೆಯಾಡಿಸಿ ಡಬ್ಬಿ ತೆರೆದರು. ನೀಲಿ ಎಸಳುಗಳು ಒದ್ದೆ ಪೇಪರಿನ ಮಡಿಕೆಗಳ ನಡುವೆ ಸಾಲು ಸಾಲಾಗಿ ಮಲಗಿದ್ದವು. ಅಗಲವಾದವು ಕೆಳಗಿನ ಮಡಿಕೆಯಲ್ಲಿ, ಪುಟ್ಟವು ಮೇಲೆ. ಒಂದೂ ಹರಿದಿರಲಿಲ್ಲ.

"ಎಸಳನ್ನ ಹೇಗೆ ಕೂರಿಸ್ತೀರಿ, ಅಂಬ್ರೋಸ್?"

"ಹೆಂಚಿನ ಹಾಗೆ," ಎಂದರು ಅಂಬ್ರೋಸ್. "ಕೆಳಗಿನ ಸಾಲು ಮೊದಲು. ಅದರ ಮೇಲೆ ಅರ್ಧ ಬರೋ ಹಾಗೆ ಮುಂದಿನ ಸಾಲು. ಮಳೆ ಬಂದ್ರೆ ನೀರು ಜಾರಿ ಹೋಗುತ್ತೆ." ಮಾತಾಡುವಾಗ ಅವರು ಹಲಗೆಯನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಎನಿಡ್ ಅವರ ಕೋಟಿನ ಮೇಲಿತ್ತು. ಟ್ಯಾನ್ಸಿ ಅದನ್ನು ಕಂಡಳು, ಈ ವಯಸ್ಸಲ್ಲೂ ಮುದುಕಪ್ಪನಿಗೆ ರೊಮ್ಯಾನ್ಸು ಎಂದುಕೊಂಡಳು.

ಆಮೇಲೆ ಮಿಸ್ ಕ್ರಾಸ್‌ಲೀ ಬಾವಿಯ ಹಿಂದೆ ಹೋದರು. ಅಲ್ಲಿ ಮಿಕ್ಕ ಜೇಡಿಮಣ್ಣಿನ ಬಕೆಟ್ಟಿತ್ತು. ತೋಳು ಮಡಚಿ ಕೈ ಹಾಕಿ, ಮೇಲಿದ್ದ ಒಂದು ಹೆಂಟೆಯನ್ನು ಹೊರಗೆ ತೆಗೆದರು.

"ಏನು ಕಾಣುತ್ತೆ?"

ಟ್ಯಾನ್ಸಿ ಬಾಗಿ ನೋಡಿದಳು. "ನೀಲಿ ಎಸಳಿನ ಒಂದು ಚೂರು ಅಂಟಿದೆ. ಮಿಂಚುಳ್ಳಿ ತಲೆಯ ಮಣ್ಣೇ ಇದು. ನಡುವೆ ಒಂದು ದುಂಡನೆ ಅಚ್ಚು. ಅದರ ಮಧ್ಯೆ ಆಳಕ್ಕೆ ಒಂದು ಸಣ್ಣ ಸೀಳು."

"ಕಾಫಿ ಬೀಜ ಹೀಗೆ ಅಚ್ಚು ಬಿಡುತ್ತಾ?"

"ಬೀಜ ಉದ್ದ ಇರುತ್ತೆ. ಬೆನ್ನು ಉಬ್ಬಿರುತ್ತೆ." ಟ್ಯಾನ್ಸಿ ತಲೆ ಎತ್ತಿದಳು. "ಮಿಸ್, ಇದು ಬೀಜ ಅಲ್ಲ."

"ಎಲ್ಲರನ್ನೂ ಒಳಗೆ ಕರಿ. ಟೀ ಹಾಕು. ಗಟ್ಟಿಯಾಗಿ ಹಾಕು, ಬೇಕಾಗುತ್ತೆ."

ಊಟದ ಕೋಣೆಯಲ್ಲಿ ಕೂರಲು ಜಾಗ ಸಾಲದೆ ಜನ ಕಿಟಕಿಯ ಕಟ್ಟೆ ಹತ್ತಿ ಕೂತರು. ಮಿಸ್ ಕ್ರಾಸ್‌ಲೀ ಹೆಂಟೆಯನ್ನು ತಟ್ಟೆಯಲ್ಲಿಟ್ಟು, ಅದರ ಮೇಲೆ ಕರವಸ್ತ್ರ ಮುಚ್ಚಿದ್ದರು. ಟ್ಯಾನ್ಸಿ ಟೀ ಸುರಿಯುತ್ತ ಎಲ್ಲರ ಮುಖ ನೋಡಿದಳು. ಅರ್ಧ ಊರು ಅವಳ ಕಣ್ಣನ್ನೇ ತಪ್ಪಿಸುತ್ತಿತ್ತು.

"ಹಾಳು ಮಾಡಬೇಕು ಅಂತ ಬಂದವನು ಹಾಳು ಮಾಡಿ ಹೋಗ್ತಾನೆ," ಎಂದರು ಮಿಸ್ ಕ್ರಾಸ್‌ಲೀ. "ಇಲ್ಲಿ ಬಂದವರು ಕುಳಿಗೆ ಒದ್ದೆ ಬಟ್ಟೆ ಹಾಕಿದ್ದಾರೆ, ಮಣ್ಣು ಬಿರುಕು ಬಿಡಬಾರದು ಅಂತ. ಎಸಳನ್ನ ತಂಪಲ್ಲಿ ಇಟ್ಟಿದ್ದಾರೆ, ಬಾಡಬಾರದು ಅಂತ. ಇದು ಕೆಡವಿದ ಕೈ ಅಲ್ಲ. ವಾಪಸ್ ಬಂದು ಕಟ್ಟೋಣ ಅಂತಿದ್ದ ಕೈ. ಅಷ್ಟರಲ್ಲಿ ನೀವೆಲ್ಲ ಬಂದುಬಿಟ್ರಿ."

"ಟ್ಯಾನ್ಸಿಗೂ ಅಷ್ಟು ತಿಳಿಯುತ್ತೆ," ಎಂದರು ಎನಿಡ್.

"ತಿಳಿಯಬಹುದು. ಆದ್ರೆ ಎಸಳು ಹರೀದೆ ಬಿಡಿಸಬೇಕಾದ್ರೆ ಮೇಲಿನ ಸಾಲಿಂದ ಶುರು ಮಾಡಿ ಕೆಳಗೆ ಬರಬೇಕು. ಪುಟ್ಟವು ಮೇಲೆ, ದೊಡ್ಡವು ಕೆಳಗೆ, ಇದ್ದ ಕ್ರಮದಲ್ಲೇ ಜೋಡಿಸಿದ್ದಾರೆ, ಮತ್ತೆ ಕೂರಿಸೋಕೆ ಸುಲಭ ಆಗಲಿ ಅಂತ. ಅದು ವರ್ಷಾನುಗಟ್ಟಲೆ ಹಲಗೆ ಮುಂದೆ ಕೂತ ಬೆರಳಿಗೆ ಮಾತ್ರ ಬರುತ್ತೆ. ಟ್ಯಾನ್ಸಿನ ಒಂದು ಎಸಳು ಒತ್ತೋಕೂ ನೀವು ಬಿಟ್ಟಿಲ್ಲ. ನೀವು ಕೊಟ್ಟ ಶಿಕ್ಷೇನೇ ಅವಳ ಸಾಕ್ಷಿ."

ಕೋಣೆಯಲ್ಲಿ ಯಾರೋ ನಕ್ಕು ಕೆಮ್ಮಿದರು.

"ತಲೆ ಮುಟ್ಟಿದವರು ಇಬ್ಬರೇ. ಎನಿಡ್, ನೀವಾಗಿದ್ರೆ ಆ ಬಟ್ಟೆ ಯಾಕೆ ಅಂತ ಗೊತ್ತಿರ್ತಿತ್ತು, ಕಿತ್ತು ಬಿಸಾಕ್ತಿರಲಿಲ್ಲ. ಇನ್ನುಳಿದವರು ಒಬ್ಬರು. ತಾವೇ ಮಾಡಿದ ತಲೆ ಹೋಗಿದೆ, ಆದ್ರೂ ಬೆಳಗ್ಗೆಯಿಂದ ಒಂದು ಸಲಾನೂ ಆ ಕಡೆ ನೋಡಿಲ್ಲ."

ಅಂಬ್ರೋಸ್ ಎದ್ದು ನಿಂತರು. ಟೋಪಿ ಕೈಯಲ್ಲಿ ಮುದ್ದೆಯಾಗಿತ್ತು. "ನಾನೇ. ಹುಡುಗಿ ಮೇಲೆ ಬರುತ್ತೆ ಅಂತ ಯೋಚ್ನೆ ಮಾಡ್ಲಿಲ್ಲ. ಬಾಯಿ ಬಿಡಬೇಕು ಅಂತ ನಾಲ್ಕು ಸಲ ಬಾಯಿ ತೆಗೆದೆ. ಆಗಲಿಲ್ಲ. ಟ್ಯಾನ್ಸಿ, ತಪ್ಪಾಯ್ತು ಬಾತು. ಯಾಕೆ ಕಿತ್ತೆ ಅಂತ ಮಾತ್ರ ಕೇಳ್ಬೇಡಿ. ನನ್ನ ಹೆಸರೇ ಹೊಡೆದು ಹಾಕಿ."

"ಕೇಳ್ದೆ ಬಿಡ್ತೀನಾ?" ಎನಿಡ್ ಮೇಜು ಕುಟ್ಟಿದರು. "ನಲವತ್ತು ವರ್ಷ ಜೊತೆಗೆ ಕೂತಿದ್ದೀಯ. ಕಾರಣ ಹೇಳ್ಲೇಬೇಕು, ಇಲ್ಲೇ, ಎಲ್ಲರ ಮುಂದೇನೇ."

ಅಂಬ್ರೋಸ್ ನೆಲ ನೋಡಿದರು. ಮಿಸ್ ಕ್ರಾಸ್‌ಲೀ ಕರವಸ್ತ್ರ ತೆಗೆದು, ತಟ್ಟೆಯನ್ನು ಎನಿಡ್ ಅವರ ಮುಂದೆ ಸರಿಸಿದರು. "ಕಣ್ಣು ಬೇಡ. ಹೆಬ್ಬೆರಳಲ್ಲಿ ನೋಡಿ."

ಎನಿಡ್ ಹೆಬ್ಬೆರಳನ್ನು ಅಚ್ಚಿನಲ್ಲಿ ಇಟ್ಟರು. ದುಂಡಗೆ ಸವರಿದರು. ನಡುವಿನ ಸೀಳಿಗೆ ಉಗುರು ತಾಗಿತು. ಅವರ ಇನ್ನೊಂದು ಕೈ ತಾನಾಗಿಯೇ ಮೇಲೇರಿ ಕೊರಳಿನ ಪಿನ್ನಿನ ಹತ್ತಿರ ನಿಂತಿತು.

ಹಲಗೆಯ ಮೇಲೆ ಹೂವು, ಎಲೆ, ಬೀಜ, ಪಾಚಿ, ಏನಿದ್ದರೂ ಮಣ್ಣಲ್ಲಿ ಬೆಳೆದದ್ದೇ ಇರಬೇಕು. ಇದು ಕಣಿವೆಯ ಕಾನೂನು. ಬ್ರೆಕ್‌ಡೇಲಿನವರು ಒಂದು ವರ್ಷ ಬಣ್ಣ ಹಾಕಿದ ಅಕ್ಕಿಕಾಳು ಬಳಸಿದ್ದನ್ನು ಹಿಡಿದು ಅವರ ಮಾನ ಕಳೆದವರು ಇದೇ ಎನಿಡ್ ಹೀತ್‌ಕೋಟ್.

"ಹೊಲಿಗೆ ಸಡಿಲ ಆಗಿ ಗುಂಡಿ ಬೀಜದ ತಟ್ಟೆಗೆ ಬಿದ್ದಿರಬೇಕು," ಎಂದರು ಮಿಸ್ ಕ್ರಾಸ್‌ಲೀ, ದನಿ ತಗ್ಗಿಸಿ. "ಮುಸ್ಸಂಜೆ ಬೇರೆ. ಕಾಫಿ ಬೀಜ ಬೆಳಕಿಗೆ ಹೊಳೆಯಲ್ಲ, ಆದ್ರೆ ಲೊರೇನ್‌ಗೆ ಅದು ಕಣ್ಣು ಹೊಡೀತು. ಬೆಳಗ್ಗೆ ನೀರು ಚಿಮುಕಿಸೋಕೆ ಬಂದ ಅಂಬ್ರೋಸ್ ಅದನ್ನ ಕಂಡ್ರು. ಹಿಂದೆ ಕೊಕ್ಕೆ ಇರೋ ಗುಂಡಿ, ಆಳಕ್ಕೆ ಕೂತಿತ್ತು. ಎಸಳು ಬಿಡಿಸಿ ಎಳೆದ್ರು, ಮಣ್ಣೂ ಜೊತೆಗೇ ಬಂತು."

ಅಂಬ್ರೋಸ್ ಜೇಬಿನಿಂದ ಕಪ್ಪು ಪ್ಲಾಸ್ಟಿಕ್ ಗುಂಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಬ್ರೆಕ್‌ಡೇಲಿನವರು ನಿನ್ನ ನೋಡಿ ನಗಬಾರದು ಅಂತ, ಎನಿಡ್. ಅಷ್ಟೇ."

ಎನಿಡ್ ಎದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡರು. "ಎಲ್ಲರೂ ಕೇಳಿ. ಗುಂಡಿ ನಂದು. ಕಾನೂನು ಮುರಿದವಳು ನಾನು. ಕನ್ನಡಕ ಹಾಕ್ಕೊಂಡ್ರೆ ಮುದುಕಿ ಥರ ಕಾಣ್ತೀನಿ ಅಂತ ಹಾಕ್ಲಿಲ್ಲ. ಆಮೇಲೆ ಒಂದು ಹುಡುಗೀನ ಊರ ಮುಂದೆ ಕಳ್ಳಿ ಅಂದೆ. ಮೊದಲನೇದಕ್ಕೆ ಸಮಿತಿ ಶಿಕ್ಷೆ ಕೊಡ್ಲಿ. ಎರಡನೇದಕ್ಕೆ ಟ್ಯಾನ್ಸಿ ಕೊಡ್ಲಿ."

ಟ್ಯಾನ್ಸಿ ಟೀ ಕೆಟಲ್ ಕೆಳಗಿಟ್ಟಳು. ಇಂಥ ಸಮಯಕ್ಕೆಂದೇ ಅವಳ ಬಳಿ ಹತ್ತು ಡೈಲಾಗ್ ತಯಾರಿದ್ದವು. ಒಂದೂ ಬೇಕೆನಿಸಲಿಲ್ಲ. "ಪಾದ್ರಿ ಬರೋಕೆ ಇನ್ನೂ ಹೊತ್ತಿದೆ," ಎಂದಳು. "ಹಕ್ಕಿಗೆ ತಲೆ ಬೇಕಲ್ಲ."

"ನನ್ನ ಕೈ ಬೆಳಗ್ಗೆಯಿಂದ ನಡುಗ್ತಾ ಇದೆ," ಎಂದರು ಅಂಬ್ರೋಸ್.

"ನನ್ನ ಕಣ್ಣಿನ ಸಮಾಚಾರ ಈಗ ಊರಿಗೇ ಗೊತ್ತು," ಎಂದರು ಎನಿಡ್. ಟ್ಯಾನ್ಸಿಯ ಕಡೆ ನೋಡಿದರು, ಈ ಸಲ ಸರಿಯಾಗಿ. "ಏಪ್ರನ್ ಬಿಚ್ಚು. ನಿನ್ನ ಅಜ್ಜಿ ಕೂರ್ತಿದ್ದ ಸ್ಟೂಲು ಚರ್ಚಿನ ಹಿಂದಿದೆ, ತಗೊಂಡ್ಬಾ."

ಹೊಸ ಮಣ್ಣು ತುಂಬಿದರು. ಅಂಬ್ರೋಸ್ ಪಕ್ಕದಲ್ಲಿ ನಿಂತು ಸಾಲು ಸಾಲು ಹೇಳಿಕೊಟ್ಟರು. ಎನಿಡ್ ಕನ್ನಡಕ ಏರಿಸಿಕೊಂಡು ಒದ್ದೆ ಪೇಪರಿನಿಂದ ಒಂದೊಂದೇ ಎಸಳು ಎತ್ತಿ ಕೊಟ್ಟರು. ಟ್ಯಾನ್ಸಿ ಉಸಿರು ಬಿಗಿಹಿಡಿದು, ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೆ ಅರ್ಧ ಬರುವಂತೆ ಒತ್ತುತ್ತ ಹೋದಳು. ರಜೆಗೆ ಬಂದವರೆಲ್ಲ ಹಿಂದೆ ಸಾಲಾಗಿ ನಿಂತು ನೋಡಿದರು. ಲೊರೇನ್ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದು ನಿಂತಳು. ಇಷ್ಟು ಒಳ್ಳೆಯ ರಜೆ ತಾನು ಸ್ಪೇನಿನಲ್ಲೂ ಕಂಡಿಲ್ಲ ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಕೊನೆಗೆ ಎನಿಡ್ ಒಂದು ಕಾಫಿ ಬೀಜವನ್ನು ಆರಿಸಿ, ಎರಡು ಸಲ ತಿರುಗಿಸಿ ನೋಡಿ, ಟ್ಯಾನ್ಸಿಯ ಅಂಗೈಯಲ್ಲಿಟ್ಟರು.

"ಕಣ್ಣು ಅಧ್ಯಕ್ಷೇದಲ್ವಾ?"

"ಅಧ್ಯಕ್ಷೆ ಹೇಳ್ತಿದ್ದೀನಿ. ಇಡು."

ಮಧ್ಯಾಹ್ನ ಬ್ಯಾಂಡು ಊದಿತು, ಪಾದ್ರಿ ಹರಸಿದರು. ಬ್ರೆಕ್‌ಡೇಲಿನ ಸಮಿತಿಯ ಮುಖ್ಯಸ್ಥ, ದಪ್ಪ ಮೀಸೆಯ ಮನುಷ್ಯ, ಹಲಗೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ರೆಕ್ಕೆಯಿಂದ ಶುರು ಮಾಡಿ ತಪ್ಪು ಹುಡುಕುತ್ತ ಬಂದ. ತಲೆಯ ಹತ್ತಿರ ನಿಂತ. ಮತ್ತೆ ಮತ್ತೆ ನೋಡಿದ.

"ಇದು ಅಂಬ್ರೋಸನ ಕೈ ಅಲ್ಲ," ಎಂದ. "ಎಸಳು ಇಷ್ಟು ಬಿಗಿಯಾಗಿ ಕೂತಿದ್ದು ನಾನು ನೋಡೇ ಇಲ್ಲ. ಯಾರದು?"

ಅಂಬ್ರೋಸ್ ಬಾಯಿ ತೆಗೆಯುವ ಮೊದಲೇ ಎನಿಡ್ ಹೀತ್‌ಕೋಟ್ ಮುಂದೆ ಬಂದು, ಟ್ಯಾನ್ಸಿಯ ಹೆಗಲಿನ ಮೇಲೆ ಕೈಯಿಟ್ಟು, ಬ್ಯಾಂಡಿನ ಸದ್ದನ್ನೂ ಮೀರಿ ಕೇಳುವ ಹಾಗೆ ಹೇಳಿದರು.

"ನಮ್ಮ ಹುಡುಗೀದು."