ಬೋರ್ಷ್ ಮುಟ್ಟದ ಟ್ರಕ್ಕು

"ಕುಂಯ್!"

ಟ್ರಕ್ಕಿನ ಬಂಪರ್ ಮೂಸಲು ಹೋದ ಬೋರ್ಷ್ ಚಂಗನೆ ಹಿಂದಕ್ಕೆ ಹಾರಿ ಹಿಮದ ಗುಡ್ಡೆಯಲ್ಲಿ ಬಾಲದವರೆಗೂ ಹೂತುಹೋಯಿತು.

ಆಗಷ್ಟೇ ಸ್ಕೂಲ್ ಬಸ್ಸಿನಿಂದ ಇಳಿದಿದ್ದ ಡಾರ್ಕಾ ಬ್ಯಾಗು ಎಸೆದು ಓಡಿದಳು. ಬೋರ್ಷ್ ಅಂದರೆ ಅವರ ಮನೆಯಲ್ಲಿ ದಿನಾ ಮಾಡುವ ಬೀಟ್‌ರೂಟ್ ಸಾರು. ನಾಯಿಯ ಬಣ್ಣವೂ ಹಾಗೇ ಇದ್ದುದರಿಂದ ಅದಕ್ಕೂ ಆ ಹೆಸರು.

"ಮೂಗು ಅಂಟ್ಕೊಂಡಿರ್ಬೇಕು ಬಿಡು," ಎಂದ ಅವಳ ತಾತ. ಅವನನ್ನು ಎಲ್ಲರೂ ಗೀದೊ ಅನ್ನುತ್ತಿದ್ದರು. ಜಾರದಿರಲೆಂದು ಅವನು ಮೆಟ್ಟಿಲ ಸುತ್ತ, ಟ್ರಕ್ಕಿನ ಮುಂದೆಲ್ಲ ಉಪ್ಪು ಎರಚುತ್ತಿದ್ದ. "ಇಂಥಾ ಚಳೀಲಿ ಕಬ್ಬಿಣ ಮೂಸಿದ್ರೆ ಇನ್ನೇನಾಗತ್ತೆ? ನಿಮ್ಮಮ್ಮಾನೂ ಚಿಕ್ಕವಳಿದ್ದಾಗ ಗೇಟಿಗೆ ನಾಲಗೆ ಅಂಟಿಸ್ಕೊಂಡಿದ್ಲು. ಬಿಸಿನೀರು ಹುಯ್ದು ಬಿಡಿಸ್ದೆ!"

ಡಾರ್ಕಾ ನಾಯಿಯ ಮೂಗು ನೋಡಿದಳು. ಚರ್ಮ ಕಿತ್ತಿರಲಿಲ್ಲ. ಅಂಟಿಕೊಂಡಿದ್ದರೆ ಅಷ್ಟು ಬೇಗ ಹೇಗೆ ಬಿಟ್ಟಿತು?

"ಗೀದೊ, ಅದು ಅಂಟ್ಕೊಳ್ಳಲಿಲ್ಲ…" ಎಂದಳು ಮೆಲ್ಲಗೆ.

"ಏನಂದೆ? ಕೇಳಿಸ್ಲಿಲ್ಲ."

"ಏನಿಲ್ಲ."

ಡಾರ್ಕಾಳ ದನಿ ಹಾಗೇ. ಕ್ಲಾಸಿನಲ್ಲಿ ಅವಳು ಪಾಠ ಓದಲು ಎದ್ದರೆ ಹಿಂದಿನ ಬೆಂಚಿನ ಹುಡುಗರು "ವಾಲ್ಯೂಮ್! ವಾಲ್ಯೂಮ್!" ಎಂದು ಕೂಗುತ್ತಿದ್ದರು. ಅದಕ್ಕೇ ಅವಳು ಮಾತಾಡುವುದಕ್ಕಿಂತ ನೋಡುತ್ತಿದ್ದುದೇ ಹೆಚ್ಚು.

ಈಗಲೂ ನೋಡಿದಳು. ಟ್ರಕ್ಕಿನ ಮೂತಿಯಿಂದ ಎಂಜಿನ್ ಹೀಟರಿನ ವೈರು ನಾಲಗೆಯಂತೆ ನೇತಾಡುತ್ತಿತ್ತು. ಚಳಿಗಾಲದಲ್ಲಿ ಅದಕ್ಕೆ ಕರೆಂಟು ಕೊಟ್ಟು ಎಂಜಿನ್ ಬೆಚ್ಚಗಿಡದಿದ್ದರೆ ಆ ಊರಿನ ಯಾವ ಟ್ರಕ್ಕೂ ಕೆಮ್ಮುವುದು ಕೂಡ ಇಲ್ಲ. ಆದರೆ ಇವತ್ತು ಅದಕ್ಕೆ ಸಿಕ್ಕಿಸಿದ ಉದ್ದನೆಯ ವೈರು ಗೋಡೆಯ ಹೊರಗಿನ ಸಾಕೆಟ್ಟಿಗೆ ಹೋಗಿರಲಿಲ್ಲ. ಬಾಗಿಲ ಸಂದಿಯಿಂದ ಒಳಗಿನ ಪಡಸಾಲೆಗೆ ಹೋಗಿತ್ತು.

"ಹೊರಗಿನ ಸಾಕೆಟ್ಟಿಗೆ ಹುಚ್ಚು ಹಿಡಿದಿದೆ ಕಣೇ," ಎಂದ ಗೀದೊ. "ಪ್ಲಗ್ ಹಾಕಿದ್ರೆ ಸಾಕು, ಟಪ್ ಅಂತ ಆಫ್ ಆಗತ್ತೆ. ಗುಂಡಿ ಒತ್ತಿದ್ರೆ ಮತ್ತೆ ಟಪ್! ನಾನು ಬಿಡ್ತೀನಾ? ಪಡಸಾಲೆಯ ಹಳೇ ಸಾಕೆಟ್ಟಿಗೆ ಹಾಕ್ದೆ. ಅದಕ್ಕೆ ಎರಡೇ ತೂತು. ಇಕ್ಕಳ ತಗೊಂಡು ಪ್ಲಗ್ಗಿನ ಮೂರನೇ ಕಾಲು ಕಟ್ ಮಾಡಿದೆ ನೋಡು. ಈಗ ಜಮ್ ಅಂತ ನಡೀತಿದೆ!"

ಡಾರ್ಕಾ ಜೇಬಿನಿಂದ ಮಧ್ಯಾಹ್ನ ಉಳಿಸಿದ್ದ ಸಾಸೇಜ್ ಚೂರು ತೆಗೆದು ಬಂಪರಿನ ಕೆಳಗೆ ಎಸೆದಳು. ಸಾಸೇಜ್ ಅಂದರೆ ಪ್ರಾಣ ಬಿಡುವ ಬೋರ್ಷ್ ಅದನ್ನು ದೂರದಿಂದಲೇ ನೋಡಿ ಕುಂಯ್‌ಗುಟ್ಟಿತು. ದಿನಾ ಕಾಲೆತ್ತುತ್ತಿದ್ದ ಹಿಂದಿನ ಚಕ್ರದ ಹತ್ತಿರವೂ ಹೋಗಲಿಲ್ಲ.

ಉಪ್ಪು ಬಿದ್ದು ಹಿಮವೆಲ್ಲ ಕರಗಿ ಟ್ರಕ್ಕಿನ ಮುಂದೆ ಕೆಸರಾಗಿತ್ತು. ಆ ಕೆಸರಿನಲ್ಲಿ ನಿಂತ ಗೀದೊನ ಕಾಲಲ್ಲಿ ದಪ್ಪ ರಬ್ಬರ್ ಬೂಟು. ತನ್ನ ಕಾಲಲ್ಲೂ ರಬ್ಬರ್ ಬೂಟು. ಬೋರ್ಷ್‌ನದು ಬರಿಗಾಲು.

ಡಾರ್ಕಾ ಟ್ರಕ್ಕಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಮ್ಮ ಸ್ಟೆಫಾ ಓಡೋಡಿ ಬಂದಳು. ವೃದ್ಧಾಶ್ರಮದಲ್ಲಿ ಅವಳು ನರ್ಸ್. ಸಂಜೆಯ ಡ್ಯೂಟಿಗೆ ತಡವಾಗಿತ್ತು. ಬೂಟು ಬ್ಯಾಗಿನಲ್ಲಿತ್ತು, ಕಾಲಲ್ಲಿ ತೆಳ್ಳನೆಯ ಬಟ್ಟೆ ಶೂ. ಒಂದು ಗ್ಲೌಸನ್ನು ಹಲ್ಲಲ್ಲಿ ಕಚ್ಚಿಕೊಂಡು, ಬರಿಗೈ ಚಾಚಿ, ಟ್ರಕ್ಕಿನ ಮೂತಿಯ ಪ್ಲಗ್ ಕೀಳಲು ಕೆಸರಿನೊಳಗೇ ಕಾಲಿಟ್ಟಳು.

"ಅಮ್ಮಾ, ಮುಟ್ಟಬೇಡಾ!"

ಆ ಕೂಗಿಗೆ ಛಾವಣಿಯ ಮೇಲಿದ್ದ ಕಾಗೆ ಹಾರಿತು. ಕೂಗಿದ್ದು ತಾನೇ ಎಂದು ಡಾರ್ಕಾಳಿಗೇ ನಂಬಲಾಗಲಿಲ್ಲ.

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ಯಾಕೆ, ಏನು ಎಂದು ಕೇಳಲಿಲ್ಲ. ಒಂದೊಂದೇ ಹೆಜ್ಜೆ ಹಿಂದಿಟ್ಟು ಒಣ ಮೆಟ್ಟಿಲು ಹತ್ತಿದಳು. ಬಾಯಿಂದ ಗ್ಲೌಸ್ ತೆಗೆದ ಮೇಲೆಯೇ, "ಈಗ ಹೇಳು ಪುಟ್ಟಾ," ಎಂದಳು.

"ಬೋರ್ಷ್‌ಗೆ… ಶಾಕ್ ಹೊಡೀತು ಅನ್ಸತ್ತೆ. ಟ್ರಕ್ಕಿಂದ."

"ಅಯ್ಯೋ, ನಾಯಿ ಮಾತು ಕೇಳ್ಕೊಂಡು…" ಎಂದು ಗೀದೊ ಟ್ರಕ್ಕಿನತ್ತ ಹೊರಟ.

"ಅಪ್ಪಾ, ನಿಂತಲ್ಲೇ ನಿಲ್ಲು! ಪುಟ್ಟಾ, ನೀನೂ ಅಲ್ಲೇ ಇರು, ಬೋರ್ಷ್‌ನ ಹಿಡ್ಕೊ. ನಾನು ಮೇನ್ ಸ್ವಿಚ್ ಆಫ್ ಮಾಡಿ ಬರ್ತೀನಿ."

ಮನೆಯ ದೀಪಗಳೆಲ್ಲ ಆರಿದವು. ಅಮ್ಮ ಟಾರ್ಚ್ ಹಿಡಿದು ಬಂದಳು. ಈಗ ಕಾಲಲ್ಲಿ ಬೂಟಿತ್ತು. ಮೊದಲು ಪಡಸಾಲೆಯ ಪ್ಲಗ್ ಕಿತ್ತಳು, ಆಮೇಲೆ ಟ್ರಕ್ಕಿನದು. ಬಾನೆಟ್ ಎತ್ತಿ ಹೀಟರಿನ ವೈರಿನ ಉದ್ದಕ್ಕೂ ಬೆಳಕು ಬಿಟ್ಟಳು. ಒಂದು ಕಡೆ ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ರಬ್ಬರ್ ಹರಿದಿತ್ತು. ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗಿಕೊಂಡಿತ್ತು.

"ಹೊರಗಿನ ಸಾಕೆಟ್ಟಿಗೆ ಹುಚ್ಚಲ್ಲ ಅಪ್ಪಾ," ಎಂದಳು ಅಮ್ಮ. "ಕರೆಂಟ್ ಸೋರ್ತಿದೆ ಅಂತ ಗೊತ್ತಾಗಿ ಆಫ್ ಆಗ್ತಿತ್ತು. ನೀನು ಕತ್ತರಿಸಿದ ಕಾಲು ಇದ್ದಿದ್ರೆ, ಸೋರಿದ ಕರೆಂಟಿಗೆ ನೆಲಕ್ಕೆ ಹೋಗೋಕೆ ಒಂದು ದಾರಿ ಇರ್ತಿತ್ತು. ಈಗ ನಾನೇ ದಾರಿ ಆಗ್ತಿದ್ದೆ."

ಗೀದೊ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಬೋರ್ಷ್ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಒದ್ದೆ ಪಾದಗಳನ್ನು ತನ್ನ ಮಫ್ಲರಿನಿಂದ ಒಂದೊಂದಾಗಿ ಒರೆಸಿದ.

"ನನ್ನ ಮಗಳ ಜೀವ ಉಳಿಸ್ದೆ ನೀನು," ಎಂದ ಕೊನೆಗೆ. ನಾಯಿಗೆ ಹೇಳಿದ್ದೋ ಡಾರ್ಕಾಳಿಗೋ ತಿಳಿಯಲಿಲ್ಲ.

ಅಮ್ಮ ಅವತ್ತು ಪಕ್ಕದ ಮನೆಯವರ ಕಾರಿನಲ್ಲಿ ಡ್ಯೂಟಿಗೆ ಹೋದಳು. ಗೀದೊ, ತಾನು ಪ್ಲಗ್ಗಿನ ಕಾಲು ಕತ್ತರಿಸಿದ್ದ ವೈರನ್ನು ಯಾರೂ ಮತ್ತೆ ಬಳಸದಂತೆ ತುಂಡು ತುಂಡು ಮಾಡಿ ಕಸದ ಡಬ್ಬಕ್ಕೆ ಹಾಕಿದ.

ಆ ವಾರವೇ ಮೆಕ್ಯಾನಿಕ್ ಬಂದು ಹೀಟರಿನ ವೈರು ಬದಲಿಸಿದ. ಗೀದೊ ಮೂರು ಕಾಲಿನ ಹೊಸ ಉದ್ದನೆಯ ವೈರು ತಂದ. ಅಮ್ಮ ಕೈ ಒರೆಸಿಕೊಂಡು, ಒಣ ಜಾಗದಲ್ಲಿ ನಿಂತು, ಮೊದಲು ಟ್ರಕ್ಕಿನ ಕಡೆ ಸಿಕ್ಕಿಸಿದಳು. ಆಮೇಲೆ ಹೊರಗಿನ ಸಾಕೆಟ್ಟಿನ ಮುಂದೆ ಪ್ಲಗ್ ಹಿಡಿದು ನಿಂತಳು. ಒಳಗೆ ಹಾಕಲಿಲ್ಲ.

ಗೀದೊ ಸಾಕೆಟ್ಟನ್ನೇ ನೋಡುತ್ತಿದ್ದ. ಅಮ್ಮ ಮಾತ್ರ ತಿರುಗಿ, ಅಂಗಳದ ಆಚೆ ಬೋರ್ಷ್ ಜೊತೆ ನಿಂತಿದ್ದ ಡಾರ್ಕಾಳ ಒಪ್ಪಿಗೆಗಾಗಿ ನೋಡುತ್ತಿದ್ದಳು.

ಡಾರ್ಕಾ ವೈರನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ನೆಲ ನೋಡಿದಳು. ಅಮ್ಮನ ಬೂಟು ನೋಡಿದಳು. ಬೋರ್ಷ್‌ನ ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹ್ಞೂಂ," ಎಂದಳು ಮೆಲ್ಲಗೆ.

ಅಷ್ಟು ದೂರದಲ್ಲಿದ್ದರೂ ಅಮ್ಮನಿಗೆ ಅದು ಕೇಳಿಸಿತು.