ಗಡಿ ದಾಟಿದ ಚಿತ್ರಗಳು

೧೯೪೩ರ ಬೇಸಿಗೆಯಲ್ಲಿ ಹೊನ್ನಾಳಿಗೆ ಸಿಡುಬಿನ ಲಸಿಕೆ ಬಂದಿರಲಿಲ್ಲ. ಏಪ್ರಿಲ್ ಹದಿನಾಲ್ಕರ ಬೆಳಗ್ಗೆ ಠಾಣೆಗೆ ಬಂದದ್ದು ಕಳವಿನ ದೂರು. ವಕೀಲ ರೇವಣ್ಣನವರ ಪಡಸಾಲೆಯಿಂದ ಕಟ್ಟು ಹಾಕಿಸಿದ ಮೂರು ಚಿತ್ರಗಳು ಹೋಗಿದ್ದವು.

"ದೇವರ ಪಟಾನೇನ್ರೀ?" ಇನ್‌ಸ್ಪೆಕ್ಟರ್ ಅಲ್ಲಾಬಕ್ಷ್ ಕೇಳಿದರು.

"ಅಲ್ಲ. ಫ್ರಾನ್ಸಿನ ನಿಯೋ-ಇಂಪ್ರೆಷನಿಸ್ಟ್ ಚಿತ್ರಗಳ ಅಚ್ಚುಪ್ರತಿ. ಹೆಂಗಸರ ಮುಖ, ಬರೀ ಬಣ್ಣದ ಚುಕ್ಕೆ ಇಟ್ಟು ಬರೆದಿದ್ದು. ದೂರ ನಿಂತರೇನೇ ಮುಖ ಕಾಣೋದು. ಯುದ್ಧ ಮುಗಿಯೋ ತನಕ ಇನ್ನೊಂದು ಸಿಗಲ್ಲ," ಎಂದರು ರೇವಣ್ಣ.

"ಹತ್ರ ಹೋದ್ರೆ ಕಾಣದಿರೋದನ್ನ ಮನೇಲಿ ಯಾಕ್ ಹಾಕ್ತಾರೋ," ದಫೇದಾರ ಚಿತ್ತಪ್ಪ ಗೊಣಗಿದ.

ಎಫ್‌ಐಆರ್ ಬರೆದು ವಕೀಲರ ಮನೆಗೆ ಹೋದರು. ಬೀಗ ಮುರಿದಿರಲಿಲ್ಲ. ಬೆಳ್ಳಿ ಲೋಟ ಅಲ್ಲೇ ಇತ್ತು. ಬರಿ ಮೊಳೆಗಳಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು, ಗೋಡೆಗೆ ಅರಿಸಿನ ಹಚ್ಚಿತ್ತು. ಚಿತ್ತಪ್ಪ ಹಿಂದೆ ಸರಿದ.

"ಅಮ್ಮನ್ನ ಕಳಿಸ್ಯಾರೆ ಸಾಹೇಬ್ರೆ. ಸಿಡುಬು ಬಂದ್ರೆ ಆ ತಾಯಿ ಮೂರ್ತೀನ ಮೊರದಾಗೆ ಇಟ್ಟು ಊರ ಗಡಿ ದಾಟಿಸ್ತಾರೆ."

"ಕೆಲಸಕ್ಕೆ ಯಾರು ಬರ್ತಾರ್ರೀ?"

"ಕಾಟಮ್ಮ. ನಿನ್ನೆ ಗುಡಿಸಿ ಹೋದಳು. ಮಗಳಿಗೆ ಹುಷಾರಿಲ್ಲವಂತೆ," ಎಂದರು ರೇವಣ್ಣ.

"ಮೊದ್ಲು ಮಾಲು ಸಿಗ್ಲಿ," ಎಂದು ಅಲ್ಲಾಬಕ್ಷ್ ನ್ಯಾಮತಿ ದಾರಿ ಹಿಡಿದರು. ಗಡಿಕಲ್ಲಿನ ಬಳಿ ಎಡೆ ಇಟ್ಟ ಅನ್ನದ ಅಗುಳು ಮಾತ್ರ ಬಿದ್ದಿತ್ತು. ಮುಂದಿನ ಹಳ್ಳಿಯಲ್ಲಿ ಹನುಮಣ್ಣ ಎಂಬ ರೈತ ರೇಗಿದ: "ನಮ್ ಗಡೀಲಿ ಮೊರ ಬಿಟ್ಟು ಹೋಗಿದ್ರು. ನಾವೇನ್ ಮನೇಲಿ ಇಟ್ಕಣಾಕೆ ಆಗ್ತೈತಾ? ರಾತ್ರೀನೇ ಮುಂದಕ್ಕೆ ದಾಟಿಸಿದ್ವಿ." ಅದರಾಚೆಯ ಹಳ್ಳಿಯಲ್ಲೂ ಇದೇ ಉತ್ತರ.

ನ್ಯಾಮತಿ ದಾಟಿದ ಮೇಲೆ ಮೋರಿಯ ಪಕ್ಕ ಮೊರ ಸಿಕ್ಕಿತು. ಎರಡು ಚಿತ್ರಗಳನ್ನು ಯಾರೋ ಸುಟ್ಟಿದ್ದರು. ಮೂರನೆಯದರ ಗಾಜು ಒಡೆದಿತ್ತು. ಪಂಚನಾಮೆಗೆ ಕರೆಸಿದ ಹಳ್ಳಿಯವರು ಹತ್ತಿರ ಬರಲಿಲ್ಲ.

"ಇಲ್ಲಿಂದ್ಲೇ ಚೆನ್ನಾಗಿ ಕಾಣ್ತೈತೆ, ಬರ್ಕಳ್ರಿ."

ಚಿತ್ತಪ್ಪನೂ ಕೈ ಕಟ್ಟಿ ನಿಂತ. ಅಲ್ಲಾಬಕ್ಷ್ ತಾವೇ ಎತ್ತಿಕೊಂಡರು. ವಾಪಸ್ಸು ಬರುವಾಗ ಕೈಗಳನ್ನು ಮತ್ತೆ ಮತ್ತೆ ಪ್ಯಾಂಟಿಗೆ ಒರೆಸಿಕೊಂಡರು.

ಮರುದಿನ ಕಾಟಮ್ಮ ಗುಡಿಸಲ ಹೊರಗೆ ಕೂತಿದ್ದಳು.

"ಯಾಕ್ ತಗಂಡ್ ಹೋದೆ?" ಅಲ್ಲಾಬಕ್ಷ್ ಕೇಳಿದರು.

"ಆ ಹೆಂಗಸ್ರ ಮಕದ ತುಂಬ ಗುಳ್ಳೆ ಎದ್ದಿದ್ವು ಸ್ವಾಮಿ. ಬಂದೋರಿಗೆಲ್ಲ ವಕೀಲ್ರು ಹೇಳೋರು, ಹತ್ರ ಹೋಗಬ್ಯಾಡ್ರಿ, ದೂರ ನಿಲ್ರಿ ಅಂತ. ದಿನಾ ಒರೆಸಿದೋಳು ನಾನು. ಮಗೀಗೆ ತಂದೋಳೂ ನಾನೇ." ಆಕೆ ತಲೆ ಎತ್ತಿದಳು. "ಗಡಿ ದಾಟಿತೇನ್ರೀ?"

"ನ್ಯಾಮತಿನೂ ದಾಟೈತೆ."

"ಮತ್ಯಾಕ್ ಹೋದ್ಲು ನನ್ ಮಗಳು?"

ಒಳಗೆ ಬೇವಿನ ಸೊಪ್ಪಿನ ಮೇಲೆ ಚೌಡಮ್ಮನನ್ನು ಮಲಗಿಸಿತ್ತು. ಆರು ವರ್ಷ. ಮಣ್ಣು ಮಾಡುವ ತನಕ ಕಾದು ಕಾಟಮ್ಮನನ್ನು ದಸ್ತಗಿರಿ ಮಾಡಿದರು. ಸಿಕ್ಕ ಚಿತ್ರವನ್ನು ರೇವಣ್ಣ ಠಾಣೆಯಿಂದ ಬಿಡಿಸಿಕೊಳ್ಳಲು ಬರಲಿಲ್ಲ.

ಹೋದದ್ದು ಎರಡು ಚಿತ್ರ, ಒಂದು ಮಗು.